ಉಳುಕಿದ ಕಾಲು: ಕಟ್ಟಿನಿಂದ ನಡಿಗೆಯವರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಹೆಸರು ಬದಲಾದರೂ ನೆಲ ಬದಲಾಗಿಲ್ಲ. ಇದು ಬಂಡೆಗಳ ಸೀಮೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಸುಮಾರು 250 ಕೋಟಿ ವರ್ಷ ಹಳೆಯ ಶಿಲೆಯ ಪಟ್ಟಿ ಇಲ್ಲಿ ಹಾದುಹೋಗಿದೆ. ರಾಮದೇವರ ಬೆಟ್ಟವನ್ನೋ ಮಾಗಡಿಯ ಸಾವನದುರ್ಗವನ್ನೋ ಹತ್ತಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಕಾಲು ಉಳುಕುತ್ತದೆ.

ಬೆಟ್ಟವೇ ಆಗಬೇಕೆಂದಿಲ್ಲ. ಹೊಲದ ಬದು, ಹಿಪ್ಪುನೇರಳೆ ತೋಟದ ಕಾಲುವೆ, ಶಾಲೆಯ ಖೊ-ಖೊ ಅಂಗಳ ಎಲ್ಲಿಯಾದರೂ ಪಾದ ಒಳಕ್ಕೆ ಹೊರಳಿದರೆ ಸಾಕು, ಕ್ಷಣದಲ್ಲಿ ಗಿಣ್ಣು ಊದಿಕೊಳ್ಳುತ್ತದೆ. ಆಗ ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಾರೆ. ಎಣ್ಣೆ ಹಚ್ಚಿ ನೀವಬೇಕು ಎನ್ನುವವರೊಬ್ಬರು. ಬೆಲ್ಲ-ಸುಣ್ಣದ ಪಟ್ಟು ಹಾಕಿ ಎನ್ನುವವರು ಮತ್ತೊಬ್ಬರು. ಒಬ್ಬರು ಮಂಜುಗಡ್ಡೆ ತರಲು ಓಡುತ್ತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ ಕಾಲು ನೆಲಕ್ಕೆ ಊರಬಾರದು ಎನ್ನುತ್ತಾರೆ. ಈ ಸಲಹೆಗಳೆಲ್ಲ ಎಲ್ಲಿಂದ ಬಂದವು? ಇವುಗಳಲ್ಲಿ ಪರೀಕ್ಷೆಗೆ ನಿಂತವು ಯಾವುವು? ಇದನ್ನು ತಿಳಿಯಲು ಉಳುಕಿನ ಚರಿತ್ರೆಯನ್ನೇ ನೋಡಬೇಕಾಗುತ್ತದೆ.

ಇಳಿಯುವಾಗಲೇ ಏಕೆ?

ಪಾದವು ಕಾಲಿಗೆ ಸೇರುವೆಡೆಯಲ್ಲಿ ಟಿಬಿಯಾ ಮತ್ತು ಫಿಬುಲಾ ಎಂಬ ಎರಡು ಮೂಳೆಗಳ ತುದಿಗಳು ಟೇಲಸ್ ಎಂಬ ಮೂರನೆಯ ಮೂಳೆಯನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿದಿರುತ್ತವೆ. ಇದೇ ಕಣಕಾಲಿನ ಕೀಲು. ಟೇಲಸ್ ಮೂಳೆಯ ಮೇಲ್ಭಾಗ ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಬಾಗಿದಾಗ ಅಗಲವಾದ ಭಾಗ ಇಕ್ಕಳದೊಳಗೆ ಬಿಗಿಯಾಗಿ ಕೂರುತ್ತದೆ. ಇಳಿಜಾರಿನಲ್ಲಿ ಬೆರಳುಗಳು ಕೆಳಮುಖವಾದಾಗ ಕಿರಿದಾದ ಭಾಗ ಒಳಬಂದು ಕೀಲು ಸಡಿಲವಾಗುತ್ತದೆ. ಹೊರಬದಿಯ ಗಿಣ್ಣು ಒಳಬದಿಯದಕ್ಕಿಂತ ಕೆಳಗಿನವರೆಗೆ ಇಳಿದಿರುವುದರಿಂದ ಪಾದ ಹೊರಕ್ಕಿಂತ ಒಳಕ್ಕೆ ಸುಲಭವಾಗಿ ಹೊರಳುತ್ತದೆ. ಆಗ ಹೊರಬದಿಯಲ್ಲಿ ಮೂಳೆಗೆ ಮೂಳೆಯನ್ನು ಬಿಗಿದಿರುವ ಅಸ್ಥಿರಜ್ಜುಗಳು ಹಿಗ್ಗುತ್ತವೆ ಇಲ್ಲವೆ ಹರಿಯುತ್ತವೆ. ಇದನ್ನೇ ನಾವು ಉಳುಕು ಎನ್ನುತ್ತೇವೆ. ಮೊದಲು ಹರಿಯುವುದು ಸಾಮಾನ್ಯವಾಗಿ ಗಿಣ್ಣಿನ ಮುಂದಿರುವ, ಫಿಬುಲಾದಿಂದ ಟೇಲಸ್‌ಗೆ ಹೋಗುವ ರಜ್ಜು.

ಸುಶ್ರುತನ ಗಮನ

ಈ ಪೆಟ್ಟನ್ನು ಪ್ರತ್ಯೇಕವಾಗಿ ಗುರುತಿಸಿದ ಹಳೆಯ ಗ್ರಂಥಗಳಲ್ಲಿ ಸುಶ್ರುತಸಂಹಿತೆ ಒಂದು. ಪಾದವನ್ನು ಏರುಪೇರಾಗಿ ಊರಿದಾಗ ಕಣಕಾಲಿನಲ್ಲಿ ಹುಟ್ಟುವ ನೋವಿಗೆ ಅದು 'ವಾತಕಂಟಕ' ಎಂಬ ಹೆಸರು ಕೊಟ್ಟಿದೆ. ಕಾರಣವನ್ನು ಅಂದಿನ ಸಿದ್ಧಾಂತದಂತೆ ವಾತಕ್ಕೆ ಹೊರಿಸಿದ್ದರೂ, ಅದು ಯಾವ ಸಂದರ್ಭದಲ್ಲಿ ಉಂಟಾಗುತ್ತದೆಂಬ ವಿವರಣೆ ಇಂದಿಗೂ ಒಪ್ಪತಕ್ಕದ್ದೇ.

ಮುರಿದ ಮೂಳೆ ಹಾಗೂ ಜಾರಿದ ಕೀಲುಗಳ ಚಿಕಿತ್ಸೆಗೆ ಸುಶ್ರುತಸಂಹಿತೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಅತ್ತಿ, ಅರಳಿ, ಮುತ್ತುಗ, ಆಲ ಮೊದಲಾದ ಮರಗಳ ತೊಗಟೆ ಮತ್ತು ಬಿದಿರನ್ನು ದಬ್ಬೆಗಳಾಗಿ ಬಳಸಬೇಕೆಂದು ಹೇಳುತ್ತದೆ. ಕಟ್ಟನ್ನು ತಂಪು ಋತುವಿನಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ 5 ದಿನಕ್ಕೊಮ್ಮೆ, ಬಿಸಿ ಋತುವಿನಲ್ಲಿ 3 ದಿನಕ್ಕೊಮ್ಮೆ ಬದಲಾಯಿಸಬೇಕು. ಕಟ್ಟು ತೀರ ಸಡಿಲವಾದರೆ ಕೀಲು ಸ್ಥಿರವಾಗದು. ತೀರ ಬಿಗಿಯಾದರೆ ಊತ, ನೋವು, ಕೀವು ಬರುತ್ತವೆ ಎಂಬ ಎಚ್ಚರಿಕೆಯೂ ಅಲ್ಲಿದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ. ಅಂಗೈಯ ಮೂಳೆ ಕೂಡಿದ ಮೇಲೆ ರೋಗಿ ಮೊದಲು ಸಗಣಿಯ ಉಂಡೆಯನ್ನು, ಅನಂತರ ಮಣ್ಣಿನ ಉಂಡೆಯನ್ನು, ಬಲ ಬಂದ ಬಳಿಕ ಕಲ್ಲನ್ನು ಹಿಡಿದು ಅಭ್ಯಾಸ ಮಾಡಬೇಕು. ಹಗುರದಿಂದ ಭಾರಕ್ಕೆ ಹಂತಹಂತವಾಗಿ ಸಾಗುವ ಈ ಸೂತ್ರವನ್ನು ನೆನಪಿಡಿ. ಕಣಕಾಲಿನ ಚಿಕಿತ್ಸೆಯಲ್ಲಿ ಇದು ಸ್ಥಾನ ಪಡೆಯಲು ಬಹುಕಾಲ ಬೇಕಾಯಿತು.

ಬಿಗಿಯ ಅಪಾಯ

ನಮ್ಮ ಊರುಗಳಲ್ಲಿ 'ಪುತ್ತೂರು ಕಟ್ಟು' ಎಂಬ ಫಲಕವನ್ನು ನೀವು ಕಂಡಿರಬಹುದು. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ. ಆಂಧ್ರಪ್ರದೇಶದಲ್ಲಿ ತಿರುಪತಿಗೆ ಸಮೀಪದ ಪುತ್ತೂರು. ಅಲ್ಲಿನ ಮೂಳೆ ಕಟ್ಟುವ ಪರಂಪರೆಯ ಖ್ಯಾತಿ ದಕ್ಷಿಣ ಭಾರತದಲ್ಲೆಲ್ಲ ಹರಡಿದೆ. ಬಿದಿರಿನ ದಬ್ಬೆ, ಬಟ್ಟೆ, ಲೇಪ ಇವು ಇಂಥ ಕಟ್ಟುಗಳ ಮುಖ್ಯ ಸಾಮಗ್ರಿ. ಖರ್ಚು ಕಡಿಮೆ, ಆಸ್ಪತ್ರೆಯ ಭಯವಿಲ್ಲ ಎಂಬ ಕಾರಣಕ್ಕೆ ಇಂದಿಗೂ ಅನೇಕರು ನಾಟಿ ಕಟ್ಟಿನ ಮೊರೆಹೋಗುತ್ತಾರೆ.

ಸಣ್ಣ ಉಳುಕಿಗೆ ಆಧಾರ ಸಿಕ್ಕಿದರೆ ನೋವು ಇಳಿಯುತ್ತದೆ, ಇದರಲ್ಲಿ ಆಶ್ಚರ್ಯವಿಲ್ಲ. ಅಪಾಯವಿರುವುದು ಎರಡು ಕಡೆ. ಒಂದು, ಒಳಗೆ ಮೂಳೆ ಮುರಿದಿದೆಯೇ ಎಂದು ನೋಡದೆ ಕಟ್ಟುವುದು. ಎರಡು, ಊತ ಏರುತ್ತಿರುವಾಗಲೇ ಬಿಗಿಯಾಗಿ ಕಟ್ಟುವುದು. ಊದಿದ ಅಂಗಾಂಶಕ್ಕೆ ಹಿಗ್ಗಲು ಎಡೆಯಿಲ್ಲದಿದ್ದರೆ ಒಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತವಿಲ್ಲದ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ. ಬಿಗಿ ಕಟ್ಟಿನಿಂದ ಕೈಕಾಲುಗಳ ಸ್ನಾಯು ಸತ್ತು ಸೆಟೆದುಕೊಳ್ಳುವುದನ್ನು ಜರ್ಮನಿಯ ರಿಚರ್ಡ್ ಫೋನ್ ಫೋಕ್‌ಮನ್ 1881ರಲ್ಲಿ ವಿವರಿಸಿದನು. ಕಟ್ಟಿದ ನಂತರ ನೋವು ಇಳಿಯುವ ಬದಲು ಏರಿದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ ಅಥವಾ ಮರಗಟ್ಟಿದರೆ ಕಟ್ಟನ್ನು ತಕ್ಷಣ ಬಿಚ್ಚಿ ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆಯ ಪ್ಲಾಸ್ಟರ್‌ಗೂ ಈ ಮಾತು ಅನ್ವಯಿಸುತ್ತದೆ. ಅದನ್ನು ಬಿಚ್ಚಿಸಲು ಕೂಡಲೇ ಆಸ್ಪತ್ರೆಗೇ ಮರಳಬೇಕು.

ವಿಶ್ರಾಂತಿಯೋ ಚಲನೆಯೋ?

ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್ 1852ರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದನು. ಕಾಯಿಸಿ ನೀರಿನಂಶ ಕಳೆದ ಜಿಪ್ಸಂ ಪುಡಿಗೆ ನೀರು ತಾಗಿದೊಡನೆ ಅದು ಮತ್ತೆ ಜಿಪ್ಸಂ ಹರಳುಗಳಾಗಿ, ಶಾಖ ಬಿಡುತ್ತಾ ಗಟ್ಟಿಯಾಗುತ್ತದೆ. ಕಾಲನ್ನು ಅಲುಗದಂತೆ ಹಿಡಿದಿಡುವುದು ಇದರಿಂದ ಸುಲಭವಾಯಿತು. ಸುಲಭವಾದದ್ದರಿಂದಲೇ ಎಷ್ಟು ದಿನ ಹಿಡಿದಿಡಬೇಕು ಎಂಬ ಪ್ರಶ್ನೆ ಎದ್ದಿತು.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಹ್ಯೂ ಓವನ್ ಥಾಮಸ್ (1834-1891) ಮೂಳೆ ಕಟ್ಟುವ ನಾಟಿ ಮನೆತನದಲ್ಲಿ ಹುಟ್ಟಿ ವೈದ್ಯನಾದವನು. ಪೆಟ್ಟಾದ ಕೀಲಿಗೆ ದೀರ್ಘವಾದ, ಅಡೆತಡೆಯಿಲ್ಲದ ವಿಶ್ರಾಂತಿಯೇ ಮದ್ದು ಎಂಬುದು ಅವನ ವಾದ. ಅವನ ಸಮಕಾಲೀನ, ಫ್ರಾನ್ಸಿನ ಲೂಕಾ-ಶಾಂಪಿಯೋನಿಯೇರ್ ಇದಕ್ಕೆ ವಿರುದ್ಧವಾಗಿ ಮುರಿತದಲ್ಲೂ ಬೇಗನೆ ನೀವುವುದನ್ನೂ ಚಲನೆಯನ್ನೂ ಆರಂಭಿಸಬೇಕೆಂದನು. ಇದಕ್ಕೂ ಮೊದಲು, 1867ರಲ್ಲಿ, ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 'ನಾಟಿ ಮೂಳೆ ಕಟ್ಟುವವರು ಗುಣಪಡಿಸುವ ಪ್ರಕರಣಗಳು' ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿದ್ದನು. ವೈದ್ಯರು ಅತಿಯಾಗಿ ಅಲುಗದಂತೆ ಇಟ್ಟ ಕೀಲುಗಳು ಸೆಟೆದುಕೊಳ್ಳುತ್ತವೆ. ನಾಟಿಯವರು ಅವನ್ನು ಅಲುಗಿಸಿ ಹೆಸರು ಗಳಿಸುತ್ತಾರೆ. ಅವರ ತಪ್ಪನ್ನು ಬಿಟ್ಟು ಒಳ್ಳೆಯದನ್ನು ಕಲಿಯಬೇಕೆಂಬುದು ಅವನ ಉಪನ್ಯಾಸದ ಸಾರ.

ಎರಡೂ ಪಕ್ಷದವರು ಅನುಭವಿಗಳೇ. ಆದರೆ ಇಬ್ಬರ ಬಳಿಯೂ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಪುರಾವೆ ಇರಲಿಲ್ಲ. ಆದ್ದರಿಂದ ವಾದ ಬಹುಕಾಲ ವಾದವಾಗಿಯೇ ಉಳಿಯಿತು.

ಬೆರಳ ತುದಿಯ ಪರೀಕ್ಷೆ

1895ರ ನವೆಂಬರ್ 8ರಂದು ವಿಲ್ಹೆಲ್ಮ್ ರಂಟ್‌ಗನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಮುರಿತಕ್ಕೂ ಉಳುಕಿಗೂ ವ್ಯತ್ಯಾಸ ತಿಳಿಯುವುದು ಸಾಧ್ಯವಾಯಿತು. ಕಾಲಕ್ರಮೇಣ ಅದು ಅಭ್ಯಾಸವಾಗಿ, ಊದಿದ ಕಾಲಿಗೆಲ್ಲ ಎಕ್ಸ್-ರೇ ಎಂಬಂತಾಯಿತು. ಕೆನಡಾದ ಒಟ್ಟಾವದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಗಮನಿಸಿದಂತೆ, ಹಾಗೆ ಬಂದವರಲ್ಲಿ ಮುರಿತವಿದ್ದವರು ಶೇಕಡ 15ಕ್ಕಿಂತ ಕಡಿಮೆ. ಯಾರಿಗೆ ಎಕ್ಸ್-ರೇ ಬೇಕೆಂದು ತಿಳಿಯಲು ಅವರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳು 'ಒಟ್ಟಾವ ನಿಯಮಗಳು' ಎಂದು ಪ್ರಸಿದ್ಧವಾಗಿವೆ.

ಕಣಕಾಲಿನ ಬಳಿ ನೋವಿದ್ದು, ಎರಡು ಗಿಣ್ಣುಗಳಲ್ಲಿ ಯಾವುದಾದರೊಂದರ ಹಿಂಬದಿ ಅಂಚಿನ ಕೊನೆಯ 6 ಸೆಂಟಿಮೀಟರಿನಲ್ಲಿ ಅಥವಾ ಅದರ ತುದಿಯಲ್ಲಿ ಮೂಳೆಯನ್ನು ಒತ್ತಿದಾಗ ನೋವಾದರೆ ಎಕ್ಸ್-ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆ ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಪಾದದ ನಡುಭಾಗ ನೋಯುತ್ತಿದ್ದರೆ ಕಿರುಬೆರಳ ಕಡೆಯ ಮೂಳೆಯ ಬುಡ ಮತ್ತು ಒಳಬದಿಯ ನೆವಿಕ್ಯುಲರ್ ಮೂಳೆಯನ್ನು ಒತ್ತಿ ನೋಡಬೇಕು. 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಈ ನಿಯಮಗಳ ಕಣ್ಣಿಗೆ ಮುರಿತ ತಪ್ಪಿಹೋಗುವುದು ತೀರ ವಿರಳವೆಂದು ತೋರಿಸಿತು. ಹತ್ತಿರದಲ್ಲಿ ಎಕ್ಸ್-ರೇ ಇಲ್ಲದ ಹಳ್ಳಿಯಲ್ಲಿ ಇದರ ಬೆಲೆ ಎಷ್ಟೆಂದು ನೀವೇ ಊಹಿಸಬಹುದು. ಆದರೆ ಎಳೆಯ ಮಕ್ಕಳಲ್ಲಿ ಮೂಳೆ ತುದಿಯ ಬೆಳವಣಿಗೆಯ ಪದರಕ್ಕೂ ಪೆಟ್ಟಾಗಬಹುದಾದ್ದರಿಂದ ಸಂದೇಹವಿದ್ದರೆ ವೈದ್ಯರಿಗೆ ತೋರಿಸುವುದೇ ಸರಿ.

ಮಂಜುಗಡ್ಡೆಯ ಸೂತ್ರ

ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರ ತನ್ನ ಪುಸ್ತಕದಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಹದವಾದ ಒತ್ತುಪಟ್ಟಿ, ಕಾಲನ್ನು ಎತ್ತರಿಸಿಡುವುದು ಎಂಬ ನಾಲ್ಕು ಅಂಶಗಳ ಸೂತ್ರವನ್ನು ಕೊಟ್ಟನು. ಅದು ಜಗತ್ತಿನ ಶಾಲೆ, ಕ್ರೀಡಾಂಗಣಗಳಿಗೆಲ್ಲ ಹಬ್ಬಿತು. 2014ರಲ್ಲಿ ಮರ್ಕಿನ್ ತಾನೇ ಆ ಸೂತ್ರವನ್ನು ತಿದ್ದಿದನು: ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನಿಸಬಹುದು. ಉರಿಯೂತವು ದುರಸ್ತಿ ಕಾರ್ಯದ ಮೊದಲ ಹಂತ; ಅದನ್ನು ಪೂರ್ತಿ ಅದುಮುವುದು ಲಾಭವಲ್ಲ ಎಂಬುದು ಇದರ ಹಿಂದಿನ ತರ್ಕ. ಮಂಜುಗಡ್ಡೆ ನೋವನ್ನು ಸ್ವಲ್ಪ ಹೊತ್ತು ಮರೆಸುವುದು ನಿಜ. ಬಟ್ಟೆಯಲ್ಲಿ ಸುತ್ತಿ ಮೊದಲ ದಿನಗಳಲ್ಲಿ ಕೆಲವು ನಿಮಿಷ ಇಡುವುದಕ್ಕೆ ಅಡ್ಡಿಯಿಲ್ಲ; ಆದರೆ ಅದು ಗುಣಪಡಿಸುತ್ತದೆಂದು ತಿಳಿಯಬಾರದು.

ವಿಶ್ರಾಂತಿಯ ಪ್ರಶ್ನೆಗೂ ಈ ಹೊತ್ತಿಗೆ ಉತ್ತರ ಸಿಗತೊಡಗಿತ್ತು. 21 ಪ್ರಯೋಗಗಳ 2184 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ನಡೆದ ಪರಿಶೀಲನೆಯಲ್ಲಿ, ಅಲುಗದಂತೆ ಕಟ್ಟಿದವರಿಗಿಂತ ಆಧಾರದೊಂದಿಗೆ ಬೇಗ ನಡೆದವರಿಗೆ ಒಟ್ಟಾರೆ ಹೆಚ್ಚು ಅನುಕೂಲ ಕಂಡಿತು. ಹಾಗೆಂದು ಥಾಮಸ್ ಪೂರ್ತಿ ಸೋಲಲಿಲ್ಲ. ತೀವ್ರ ಉಳುಕಿನ 584 ರೋಗಿಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಣಕಾಲ ಕೆಳಗೆ ಕೇವಲ 10 ದಿನ ಪ್ಲಾಸ್ಟರ್ ಹಾಕಿಸಿಕೊಂಡವರು ಬರೀ ಹಿಗ್ಗುವ ಪಟ್ಟಿ ಧರಿಸಿದವರಿಗಿಂತ ಮೂರು ತಿಂಗಳ ಹೊತ್ತಿಗೆ ಉತ್ತಮವಾಗಿದ್ದರು. ಒಂಬತ್ತು ತಿಂಗಳಿಗೆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ತೀವ್ರ ಪೆಟ್ಟಿಗೆ ಅಲ್ಪಕಾಲದ ಆಧಾರ, ಅನಂತರ ಚಲನೆ.

ಮರೆತುಹೋದ ಸಂದೇಶ

ಊತ ಇಳಿದು ನೋವು ಹೋದ ಮೇಲೂ ಅದೇ ಕಾಲು ಪದೇ ಪದೇ ಉಳುಕುವುದೇಕೆ? ಇದಕ್ಕೆ ಉತ್ತರ ರಜ್ಜುವಿನ ಬಲದಲ್ಲಿ ಮಾತ್ರವಿಲ್ಲ. ಕಣ್ಣು ಮುಚ್ಚಿದರೂ ನಮ್ಮ ಪಾದ ಯಾವ ಓರೆಯಲ್ಲಿದೆಯೆಂದು ನಮಗೆ ತಿಳಿಯುತ್ತದೆ. ಸ್ನಾಯು, ಕೀಲು, ರಜ್ಜುಗಳಲ್ಲಿರುವ ಸಂವೇದಕಗಳು ಈ ಸುದ್ದಿಯನ್ನು ಬೆನ್ನುಹುರಿಗೂ ಮೆದುಳಿಗೂ ಕಳಿಸುತ್ತಿರುತ್ತವೆ. ಚಾರ್ಲ್ಸ್ ಶೆರಿಂಗ್ಟನ್ 1906ರ ಸುಮಾರಿಗೆ ಇದಕ್ಕೆ 'ಪ್ರೊಪ್ರಿಯೊಸೆಪ್ಷನ್' ಎಂದು ಹೆಸರಿಟ್ಟನು. ನಾವು ಅಂಗಸ್ಥಿತಿಯ ಅರಿವು ಎನ್ನೋಣ.

ಲಂಡನ್ನಿನ ವೈದ್ಯ ಎಂ.ಎ.ಆರ್. ಫ್ರೀಮನ್ ಮತ್ತು ಸಂಗಡಿಗರು 1965ರಲ್ಲಿ ಒಂದು ವಿಚಾರ ಮುಂದಿಟ್ಟರು: ರಜ್ಜು ಹರಿದಾಗ ಈ ಸುದ್ದಿವಾಹಕಗಳೂ ಹಾಳಾಗುತ್ತವೆ, ಆದ್ದರಿಂದ ಕಾಲು ಹೊರಳತೊಡಗಿದಾಗ ಸ್ನಾಯು ತಡವಾಗಿ ಎಚ್ಚರಗೊಳ್ಳುತ್ತದೆ. ಅವರು ರೋಗಿಗಳನ್ನು ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ತರಬೇತಿ ಕೊಟ್ಟರು. ಕಾಲು 'ಕೈಕೊಡುವ' ದೂರು ಕಡಿಮೆಯಾಯಿತು. ಕಾರಣದ ವಿವರಣೆ ಅನಂತರ ಹಲವು ತಿದ್ದುಪಡಿ ಕಂಡಿದೆ. ಆದರೆ ಚಿಕಿತ್ಸೆ ಉಳಿದಿದೆ. ನೆದರ್ಲೆಂಡ್ಸ್‌ನಲ್ಲಿ 522 ಕ್ರೀಡಾಪಟುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯಲ್ಲೇ 8 ವಾರ ಸಮತೋಲನ ಅಭ್ಯಾಸ ಮಾಡಿದವರಲ್ಲಿ ಒಂದು ವರ್ಷದೊಳಗೆ ಶೇಕಡ 22 ಮಂದಿಗೆ, ಮಾಡದವರಲ್ಲಿ ಶೇಕಡ 33 ಮಂದಿಗೆ ಉಳುಕು ಮರುಕಳಿಸಿತು. ಸಗಣಿಯ ಉಂಡೆಯಿಂದ ಕಲ್ಲಿನವರೆಗೆ ಎಂಬ ಸೂತ್ರ ಕೊನೆಗೂ ಕಾಲಿಗೆ ಬಂದಿತು.

ನಿರ್ಲಕ್ಷ್ಯದ ಬೆಲೆ ಸಣ್ಣದಲ್ಲ. ಡಬ್ಲಿನ್ನಿನ ಸಂಶೋಧಕರು ಮೊದಲ ಬಾರಿ ಉಳುಕಿದವರನ್ನು ಒಂದು ವರ್ಷ ಹಿಂಬಾಲಿಸಿ 2016ರಲ್ಲಿ ವರದಿ ಮಾಡಿದಂತೆ, ಅವರಲ್ಲಿ ಶೇಕಡ 40ರಷ್ಟು ಮಂದಿಗೆ ಕಣಕಾಲಿನ ಅಸ್ಥಿರತೆ ಉಳಿದಿತ್ತು. ಆಟ ಬಿಟ್ಟ ಹುಡುಗಿ, ಬದುವಿನ ಮೇಲೆ ನಡೆಯಲು ಅಂಜುವ ರೈತ ಇಂಥವರೇ.

ಶಾಲೆಯ ಅಂಗಳದಲ್ಲಿ

ನೀವು ಶಿಕ್ಷಕರಾಗಿದ್ದರೆ ಈ ಚರಿತ್ರೆಯಿಂದ ಕೆಲವು ಕೆಲಸದ ಪಾಠಗಳನ್ನು ಆರಿಸಿಕೊಳ್ಳಬಹುದು. ಪೆಟ್ಟಾದೊಡನೆ ಆಟ ನಿಲ್ಲಿಸಿ. ಬಲವಾಗಿ ನೀವಲು, ಎಳೆಯಲು ಬಿಡಬೇಡಿ. ಒತ್ತುವ ಪರೀಕ್ಷೆಯನ್ನೂ ನಾಲ್ಕು ಹೆಜ್ಜೆಯ ಪರೀಕ್ಷೆಯನ್ನೂ ನೆನಪಿಡಿ. ಆಕಾರ ಕೆಟ್ಟಿದ್ದರೆ, ಗಾಯ ತೆರೆದಿದ್ದರೆ, ಪಾದ ಮರಗಟ್ಟಿದ್ದರೆ ಯಾವ ಪರೀಕ್ಷೆಯನ್ನೂ ಮಾಡದೆ ಆಸ್ಪತ್ರೆಗೆ ಕಳಿಸಿ. ಮುರಿತವಿಲ್ಲವೆಂದಾದರೆ ಒಂದೆರಡು ದಿನ ಕಾಲನ್ನು ಎತ್ತರಿಸಿ, ಹದವಾದ ಪಟ್ಟಿ ಕಟ್ಟಿ ಕಾಪಾಡಬೇಕು. ಬಳಿಕ ನೋವಿನ ಮಿತಿಯೊಳಗೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೆಲ್ಲಗೆ ಭಾರ ಬಿಟ್ಟು ನಡೆಯುವುದು, ಮುಂದೆ ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದು, ಅದನ್ನೇ ಕಣ್ಣು ಮುಚ್ಚಿ ಮಾಡುವುದು, ಕೊನೆಗೆ ಕುಪ್ಪಳಿಸಿ ಓಡುವುದು. ಅಲುಗಾಡುವ ಹಲಗೆಗೆ ದುಬಾರಿ ಉಪಕರಣ ಬೇಕಿಲ್ಲ. ಗಟ್ಟಿಮುಟ್ಟಾದ ಹಲಗೆಯ ಅಡಿಗೆ ಅರೆಗೋಳದ ಮರದ ತುಂಡೊಂದನ್ನು ಭದ್ರವಾಗಿ ಜೋಡಿಸಿದರಾಯಿತು. ಬೊಂಬೆ ಕಡೆಯುವ ಲೇತ್‌ಗಳಿರುವ ಚನ್ನಪಟ್ಟಣದಲ್ಲಿ ಅಂಥ ತುಂಡು ಮಾಡಿಸುವುದು ಕಷ್ಟವಲ್ಲ.

ವಿದ್ಯಾರ್ಥಿಗಳು ಇಲ್ಲೊಂದು ಪ್ರಯೋಗವನ್ನೂ ಮಾಡಬಹುದು. ತರಗತಿಯ ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ಎಷ್ಟು ಸೆಕೆಂಡು ನಿಲ್ಲಬಲ್ಲರೆಂದು ಅಳೆಯಿರಿ. ಹಿಂದೆ ಉಳುಕಿದ್ದ ಕಾಲನ್ನೂ ಉಳುಕದ ಕಾಲನ್ನೂ ಹೋಲಿಸಿ. ಎರಡು ವಾರ ದಿನವೂ ಅಭ್ಯಾಸ ಮಾಡಿ ಮತ್ತೆ ಅಳೆಯಿರಿ. ಥಾಮಸನಿಗೂ ಲೂಕಾ-ಶಾಂಪಿಯೋನಿಯೇರನಿಗೂ ಕೊರತೆಯಾಗಿದ್ದುದು ಇಂಥ ಹೋಲಿಕೆಯೇ. ಕಟ್ಟು ಒಳ್ಳೆಯದೋ ನಡಿಗೆ ಒಳ್ಳೆಯದೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಯಾರೊಬ್ಬರ ಹಿರಿತನವೂ ಅಲ್ಲ, ತಾಳ್ಮೆಯಿಂದ ಎಣಿಸಿ ನೋಡಿದ ಲೆಕ್ಕ.