ತುಂಗೆಯ ತೆಪ್ಪ, ಮಲೆನಾಡಿನ ದೀಪ

ವರಾಹಪರ್ವತದ ಗಂಗಾಮೂಲದಲ್ಲಿ ಜನಿಸಿ, ಶೃಂಗೇರಿಯ ಶಾರದಾಸನ್ನಿಧಿಯನ್ನು ಹಾದು, ಕೂಡಲಿಯಲ್ಲಿ ಭದ್ರೆಯನ್ನು ಸೇರುವ ಮೊದಲು ತುಂಗೆಯು ಮಲೆನಾಡಿನ ನಡುವೆ ಬಂಡೆಗಳ ಮೇಲೆ ಮುರಿದು, ಮಡುಗಳಲ್ಲಿ ತಂಗಿ, ಸಾವಧಾನವಾಗಿ ಹರಿಯುವ ಎಡೆಯೊಂದರಲ್ಲಿ ತೀರ್ಥಹಳ್ಳಿ ನೆಲೆಗೊಂಡಿದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ನಾಣ್ಣುಡಿಯು ಈ ನದಿಗೆ ಕುಡಿಯುವ ನೀರಿನ ಹಿರಿಮೆಯನ್ನು ಕೊಟ್ಟು, ಮೀಯುವ ಪುಣ್ಯವನ್ನು ಉತ್ತರದ ಗಂಗೆಗೆ ಬಿಟ್ಟಿದೆಯಾದರೂ, ಈ ಊರಿನವರು ಆ ವಿಭಜನೆಯನ್ನು ಒಪ್ಪಿದಂತೆ ಕಾಣುವುದಿಲ್ಲ. ಏಕೆಂದರೆ ಅವರ ಊರಿನ ಮಹಿಮೆಯೆಲ್ಲ ಒಂದು ಸ್ನಾನದಿಂದಲೇ ಆರಂಭವಾಗುತ್ತದೆ.

ತಂದೆಯ ಆಜ್ಞೆಯನ್ನು ಪಾಲಿಸಿ ತಾಯಿಯ ಶಿರಚ್ಛೇದ ಮಾಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆಯು, ಎಷ್ಟೆಷ್ಟೋ ತೀರ್ಥಗಳಲ್ಲಿ ತೊಳೆದರೂ ಮಾಸದೆ, ಇಲ್ಲಿಯ ನೀರಿನಲ್ಲಿ ಅದ್ದಿದಾಗ ಕರಗಿಹೋಯಿತೆಂದು ಸ್ಥಳಪುರಾಣ ಹೇಳುತ್ತದೆ. ನದೀಪಾತ್ರದ ಬಂಡೆಗಳ ನಡುವಿನ ಆ ಮಡುವು ರಾಮಕುಂಡವೆನಿಸಿದೆ. ದಡದಲ್ಲಿರುವ ರಾಮೇಶ್ವರ ದೇವಾಲಯದ ಲಿಂಗವು ಪರಶುರಾಮನಿಂದಲೇ ಪ್ರತಿಷ್ಠಿತವಾದುದೆಂಬುದು ಜನರ ನಂಬುಗೆ.

ಈ ನಾಡನ್ನಾಳಿದ ನಾಯಕರ ಚರಿತ್ರೆಯಾದರೋ ಸ್ಥಳಾಂತರದ ಚರಿತ್ರೆ. ಸಾಗರದ ಸಮೀಪದ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಅವರ ರಾಜಧಾನಿ ಸಾಗಿತು. ತೀರ್ಥಹಳ್ಳಿ ಸೀಮೆಯ ಕವಲೇದುರ್ಗವು ಭುವನಗಿರಿಯೆಂಬ ಹೆಸರಿನಿಂದ ಅವರ ಬಲವಾದ ಕೋಟೆಯಾಗಿ ನಿಂತಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡ ಮೇಲೆ ಆ ವೈಭವ ಅಸ್ತಮಿಸಿತು. ಅರಮನೆಯ ದೀಪಗಳು ಆರಿದ ಈ ಸೀಮೆಯಲ್ಲಿ ಹೊಳೆಯ ದೀಪ ಮತ್ತು ಹೊಸ್ತಿಲ ದೀಪಗಳೆರಡೂ ಇಂದಿಗೂ ಉರಿಯುತ್ತಿರುವುದಕ್ಕೆ ಕಾರಣವೆಂದರೆ, ಅವು ಅರಸರನ್ನಲ್ಲ, ಜನರನ್ನು ನೆಚ್ಚಿಕೊಂಡಿದ್ದುದೇ ಇರಬೇಕು.

ಹೊಳೆಯ ದೀಪವನ್ನು ನೋಡಬೇಕಾದವರು ಎಳ್ಳಮಾವಾಸ್ಯೆಯ ಜಾತ್ರೆಗೆ ಬರಬೇಕು. ಮಾರ್ಗಶಿರ ಮಾಸದ ಅಂತ್ಯದ ಆ ವೇಳೆಗೆ ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿರುತ್ತದೆ; ತೋಟಗಳಲ್ಲಿ ಅಡಕೆಯ ಕೊಯ್ಲು ಸಾಗಿ, ಮನೆಮನೆಯ ಅಂಗಳದ ಚಪ್ಪರದಲ್ಲಿ ರಾತ್ರಿಯೆಲ್ಲ ಅಡಕೆ ಸುಲಿಯುವ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸವನ್ನು ಅಲ್ಲಿಗೆ ನಿಲ್ಲಿಸಿ ಸುತ್ತಣ ಹಳ್ಳಿಗಳವರು ಮೊದಲ ದಿನ ಮಂಜು ಹರಿಯುವ ಮುನ್ನವೇ ರಾಮಕುಂಡದಲ್ಲಿ ತೀರ್ಥಸ್ನಾನ ಮಾಡುತ್ತಾರೆ. ಎರಡನೆಯ ದಿನ ರಾಮೇಶ್ವರನ ರಥೋತ್ಸವ. ಮೂರನೆಯ ದಿನದ ಇರುಳು ತೆಪ್ಪೋತ್ಸವ. ಕಾಶಿಯ ಘಟ್ಟಗಳಲ್ಲಿ ದೇವದೀಪಾವಳಿ ನಡೆಯುವುದು ಕಾರ್ತಿಕದ ಹುಣ್ಣಿಮೆಯಂದು, ತುಂಬುಚಂದ್ರನೊಡನೆ ದೀಪಗಳು ಪೈಪೋಟಿ ನಡೆಸಬೇಕಾದ ರಾತ್ರಿಯಲ್ಲಿ. ಇಲ್ಲಿಯಾದರೋ ಅಮಾವಾಸ್ಯೆಯ ಮಗ್ಗುಲಿನ ಕಗ್ಗತ್ತಲೆ. ದೀಪಾಲಂಕೃತವಾದ ತೆಪ್ಪವು ದೇವರನ್ನು ಹೊತ್ತು ಮಡುವಿನ ನಡುವಿಗೆ ಸರಿದಾಗ, ಬಂಡೆಗಳ ಮೇಲೂ ಮೆಟ್ಟಿಲುಗಳ ಮೇಲೂ ಕಮಾನು ಸೇತುವೆಯ ಉದ್ದಕ್ಕೂ ಕಿಕ್ಕಿರಿದ ಜನ ಒಮ್ಮೆಲೆ ಮೌನವಾಗಿ, ಬಾಣಬಿರುಸುಗಳು ಮೇಲೇರಿದೊಡನೆಯೆ ಮತ್ತೆ ಹೋ ಎನ್ನುತ್ತಾರೆ. ಮಿಠಾಯಿ ಅಂಗಡಿ, ಬಳೆ ಅಂಗಡಿ, ತೊಟ್ಟಿಲುಗಳ ಗದ್ದಲ ಆಮೇಲೂ ಬಹಳ ಹೊತ್ತಿನವರೆಗೆ ಇಳಿಯುವುದಿಲ್ಲ.

ಈ ಬೆಳಕಿಗೆ ಸುಮಾರು ಎರಡು ತಿಂಗಳು ಮುಂಚಿತವಾಗಿ ಬರುವುದು ಮಲೆನಾಡಿಗರು ದೊಡ್ಡಹಬ್ಬವೆನ್ನುವ ದೀಪಾವಳಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಆ ಹಬ್ಬದ ಇರುಳುಗಳಿಗೆ ವಿಶಿಷ್ಟವಾದ ಆಚರಣೆ ಅಂಟಿಗೆ–ಪಂಟಿಗೆ. ಹಚ್ಚಿದ ದೀಪವೊಂದನ್ನು ಗಾಳಿಗೆ ಆರದಂತೆ ಕಾಪಾಡುತ್ತ, ಕಂಬಳಿ ಹೊದ್ದ ಗಂಡಸರ ತಂಡ ಗದ್ದೆಯ ಅಂಚು, ಹಳ್ಳದ ಸಂಕ, ಕಾಡಿನ ಕಾಲುದಾರಿಗಳನ್ನು ದಾಟಿ ಊರಿಂದೂರಿಗೆ ನಡೆಯುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು, ಮುಮ್ಮೇಳದವರು ಹಾಡಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು, ಬಲೀಂದ್ರನನ್ನು ನೆನೆಯುತ್ತ, ಬಾಗಿಲು ತೆರೆಯಿರೆಂದು ಮನೆಯವರನ್ನು ಎಬ್ಬಿಸುತ್ತದೆ. ಮನೆಯೊಡತಿಯು ಬಂದ ದೀಪಕ್ಕೆ ಎಣ್ಣೆಯೆರೆದು, ಅದರಿಂದ ತನ್ನ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ, ಕಾಯಿ, ಹಣಗಳನ್ನು ಕೊಟ್ಟು ಕಳುಹಿಸುತ್ತಾಳೆ. ಒಂಟಿಮನೆಗಳೇ ಹೆಚ್ಚಾದ, ನೆರೆಮನೆಯೆಂದರೆ ಗುಡ್ಡದಾಚೆಯದೆಂಬ ಈ ನಾಡಿನಲ್ಲಿ, ಮಳೆಗಾಲವಿಡೀ ಒಬ್ಬರ ಮುಖವನ್ನೊಬ್ಬರು ಕಾಣದವರನ್ನು ವರ್ಷಕ್ಕೊಮ್ಮೆ ಒಂದೇ ಬೆಂಕಿಯಲ್ಲಿ ಬೆಸೆಯುವ ಏರ್ಪಾಡು ಇದು.

ಮೂರನೆಯದಾದ ಬೆಳಕೊಂದನ್ನು ಹೇಳದೆ ಈ ಸೀಮೆಯ ಕಥೆ ಮುಗಿಯದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ರಾಮನ ಬಾಣದಿಂದ ಚಿಮ್ಮಿದಳೆಂದು ಪ್ರತೀತಿಯಿರುವ ಶರಾವತಿಯು ಹೊಸನಗರವನ್ನು ಹಾದು ಸಾಗರ ಸೀಮೆಗೆ ಇಳಿದು ಜೋಗದಲ್ಲಿ ಧುಮುಕುತ್ತಾಳೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯು ಆಕೆಯನ್ನು ತಡೆದು ನಾಡಿಗೆಲ್ಲ ವಿದ್ಯುದ್ದೀಪವನ್ನು ಒದಗಿಸಿತು. ಜಲಾಶಯದ ತಳದಲ್ಲಿ ಗದ್ದೆ, ತೋಟ, ದೇವಸ್ಥಾನಗಳೊಡನೆ ಹಳ್ಳಿಹಳ್ಳಿಗಳೇ ಅಡಗಿದವು. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಕೂಡ ನೀರಿನೊಳಗಾಗಿ, ಹೊಳೆ ಬತ್ತಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಅಂಟಿಗೆ–ಪಂಟಿಗೆಯ ಹಾಡು ಕೇಳಿದ್ದ ಎಷ್ಟೋ ಹೊಸ್ತಿಲುಗಳು ಹೀಗೆ ಮುಳುಗಡೆಯಾದವು, ಆ ಮನೆಯವರು ಗಂಟುಮೂಟೆ ಕಟ್ಟಿ ಅಪರಿಚಿತ ಊರುಗಳಿಗೆ ಹೊರಟರು.

ಆದುದರಿಂದ ತೀರ್ಥಹಳ್ಳಿಯ ತೆಪ್ಪೋತ್ಸವಕ್ಕೆ ಬರುವ ಪರಸ್ಥಳದವರು ಅದನ್ನು ಬರಿಯ ಕಣ್ಣಿನ ಹಬ್ಬವೆಂದು ಭಾವಿಸಿ ಮರಳಿದರೆ ಅರ್ಧವನ್ನಷ್ಟೇ ಕಂಡಂತಾಯಿತು. ಅಂಟಿಗೆ–ಪಂಟಿಗೆಯ ನೀತಿಯಲ್ಲಿ ದೀಪವನ್ನು ಪಡೆದ ಮನೆ ಮೊದಲು ಅದಕ್ಕೆ ಎಣ್ಣೆಯೆರೆಯಬೇಕು. ಶರಾವತಿಯ ದೀಪಕ್ಕೆ ಎಣ್ಣೆಯೆರೆದವರು ಯಾರೋ, ಬೆಳಕನ್ನುಂಡವರು ಯಾರೋ. ಆ ಲೆಕ್ಕವನ್ನು ಬಲ್ಲ ಜನ ಈ ಜಾತ್ರೆಯ ಸಂದಣಿಯಲ್ಲಿಯೂ ಇರುತ್ತಾರೆ, ಅವರನ್ನು ಮಾತನಾಡಿಸುವುದು ತೀರ್ಥಸ್ನಾನದಷ್ಟೇ ಆವಶ್ಯಕವಾದ ಕರ್ತವ್ಯ.