ಉತ್ತರ ಕನ್ನಡದ ಕಡಲ ಕಾವಲು

ಕಾರವಾರದ ಮಾಜಾಳಿಯಿಂದ ಭಟ್ಕಳದ ಗೊರಟೆಯವರೆಗಿನ ಕಡಲನ್ನು ಕಾಯುವ ಹೊಣೆ ಇಂದು ಮುಖ್ಯವಾಗಿ ಭಾರತೀಯ ಕರಾವಳಿ ಕಾವಲು ಪಡೆಯದು. ಬಂದರುಗಳಲ್ಲಿ ಜನ ಅದನ್ನು ಕೋಸ್ಟ್ ಗಾರ್ಡ್ ಎಂದೇ ಕರೆಯುತ್ತಾರೆ. ದಡದ ಹತ್ತಿರದ ನೀರಿನಲ್ಲಿ ರಾಜ್ಯದ ಕರಾವಳಿ ಕಾವಲು ಪೊಲೀಸರಿದ್ದಾರೆ, ಇವರ ಬೆನ್ನಿಗೆ ಕಾರವಾರದ ನೌಕಾನೆಲೆಯಿದೆ. ಇದೇ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಕಡಲಿಲ್ಲ. ಆದರೆ ಈ ಕಾವಲಿನ ಹಳೆಯ ಕಥೆಯನ್ನು ಆ ಮೂರು ತಾಲ್ಲೂಕುಗಳನ್ನು ಬಿಟ್ಟು ಹೇಳುವುದಕ್ಕಾಗದು. ಶತಮಾನಗಳ ಕಾಲ ಈ ತೀರದಲ್ಲಿ ಕಾಯುವಂಥ ಸರಕು ಏನಿತ್ತೋ ಅದು ಹೆಚ್ಚಾಗಿ ಘಟ್ಟ ಇಳಿದು ಬಂದ ಕಾಳುಮೆಣಸು, ಏಲಕ್ಕಿ, ಅಡಿಕೆ. ಕಾಯಿಸುತ್ತಿದ್ದ ಅರಸರಲ್ಲಿ ಕೆಲವರು ಕೂತಿದ್ದದ್ದೂ ಘಟ್ಟದ ಮೇಲೆಯೇ.

ಮೆಣಸಿನ ಕಾಲ

ಶಿರಸಿಯ ಶಂಕರಹೊಂಡದ ಕಡೆಯಿಂದ ಹರಿದು, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ ಕಡಲು ಸೇರುವ ಅಘನಾಶಿನಿಯ ದಂಡೆಯಲ್ಲಿ ಮಿರ್ಜಾನ್ ಕೋಟೆಯಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಘಟ್ಟದ ಮೆಣಸಿನ ವ್ಯಾಪಾರದ ಬಲದಿಂದಲೇ. ಅದಕ್ಕೂ ಮೊದಲು ಹೊನ್ನಾವರದಲ್ಲಿ ತಿಮ್ಮೋಜ ಎಂಬ ನಾವಿಕ ನಾಯಕನಿದ್ದ. ಆತನ ದೋಣಿಗಳು ವಿಜಯನಗರದ ಪರವಾಗಿ ಕಡಲು ಕಾಯುತ್ತಿದ್ದವು, ಬೇರೆಯವರ ಹಡಗುಗಳನ್ನು ದೋಚುತ್ತಲೂ ಇದ್ದವು. ಆ ಕಾಲಕ್ಕೆ ಎರಡೂ ಒಂದೇ ಉದ್ಯೋಗ. 1510ರಲ್ಲಿ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್‌ಗೆ ಗೋವೆಯ ಮೇಲೆ ಏರಿಹೋಗಲು ಸಲಹೆ ಕೊಟ್ಟವನೂ ಜೊತೆ ನಿಂತವನೂ ಈ ತಿಮ್ಮೋಜ. ಆಮೇಲೆ ಕಡಲಿನ ಕಾನೂನು ಪೋರ್ಚುಗೀಸರದಾಯಿತು. ಅವರ ಕರ್ತಾಜ್ ಎಂಬ ರಹದಾರಿ ಚೀಟಿ ಇಲ್ಲದ ಹಡಗನ್ನು ಸರಕು ಸಮೇತ ಹಿಡಿದುಕೊಳ್ಳುತ್ತಿದ್ದರು.

ಘಟ್ಟದ ಮೇಲಿನ ದೊರೆತನ ಕಡಲಿಗೆ ಕೈಚಾಚಿದ್ದಕ್ಕೆ ಸ್ಪಷ್ಟ ಸಾಕ್ಷಿ ಸೋದೆ. ಶಿರಸಿ ಹತ್ತಿರದ ಈ ರಾಜಧಾನಿಯ ಅರಸರಿಗೆ ಕಾರವಾರ, ಅಂಕೋಲೆಗಳ ಕಡಲಂಚೂ ಸೇರಿತ್ತು. ಕಾಳಿ ನದಿ ಕಡಲು ಕೂಡುವಲ್ಲಿ, ಚಿತ್ತಾಕುಲದ ಗುಡ್ಡದ ಮೇಲೆ, ಸೋದೆಯ ಬಸವಲಿಂಗ 1715ರಲ್ಲಿ ಕೋಟೆ ಕಟ್ಟಿ ತಂದೆಯ ಹೆಸರಿನಲ್ಲಿ ಸದಾಶಿವಗಡ ಎಂದು ಕರೆದ. ಕಾರವಾರದಲ್ಲಿ ಇಂಗ್ಲಿಷರು 1638ರಲ್ಲೇ ಕೋಠಿ ಹಾಕಿದ್ದರು, ಉತ್ತರಕ್ಕೆ ಗೋವೆಯಲ್ಲಿ ಪೋರ್ಚುಗೀಸರಿದ್ದರು. ಇಬ್ಬರ ಮೇಲೂ ಕಣ್ಣಿಡಲು ಆ ಗುಡ್ಡ ಒಳ್ಳೆಯ ಜಾಗ. ಕೋಟೆಯಷ್ಟೇ ಗಟ್ಟಿಯಾದ ಹಡಗುಬಲ ಮಾತ್ರ ಸೋದೆಗೆ ಒದಗಲಿಲ್ಲ. 1763ರ ಸುಮಾರಿಗೆ ಹೈದರನ ಸೈನ್ಯ ಸೋದೆಯ ಮೇಲೆ ಬಿದ್ದಾಗ ಅರಸು ಮನೆತನ ಗೋವೆಗೆ ಓಡಿ, ಯಾರ ವಿರುದ್ಧ ಕಾವಲಿಟ್ಟಿತ್ತೋ ಅದೇ ಪೋರ್ಚುಗೀಸರ ಆಶ್ರಯ ಪಡೆಯಿತು.

ಕಡಲನ್ನು ಕಡಲಿನಲ್ಲೇ ಕಾಯಬೇಕು ಎಂದು ಲೆಕ್ಕ ಹಾಕಿದ ಇಲ್ಲಿಯ ದೊರೆ ಟೀಪು. 1796ರ ಹೊತ್ತಿಗೆ ಪ್ರತ್ಯೇಕ ನೌಕಾಧಿಕಾರಿಗಳ ಮಂಡಳಿ ನೇಮಿಸಿ, ನಲವತ್ತರಷ್ಟು ಯುದ್ಧನೌಕೆಗಳಿಗೆ ಆಜ್ಞೆ ಹೊರಡಿಸಿದ. ಮಂಗಳೂರು, ಮಿರ್ಜಾನ್, ಸದಾಶಿವಗಡಗಳ ಬಳಿ ಹಡಗು ಕಟ್ಟುವ ಯೋಜನೆಯಿತ್ತು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣವೇ ಬಿತ್ತು.

ಸುಂಕ, ಹತ್ತಿ, ಉಪ್ಪು

ಬ್ರಿಟಿಷರ ಕಾಲದಲ್ಲಿ ಕಾವಲು ಎಂದರೆ ಸುಂಕ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಹತ್ತಿಯ ಒತ್ತಡವಿತ್ತು. ಧಾರವಾಡ ಸೀಮೆಯ ಅರಳೆ ಶಿರಸಿಯ ಮೇಲೆ ಹಾದು ದೇವಿಮನೆ ಘಟ್ಟ ಇಳಿದು ಕುಮಟೆಗೆ, ಯಲ್ಲಾಪುರದ ಅರಬೈಲು ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯದೇ ಹೆಸರು. ಮುಂದೆ ಮರ್ಮಗೋವಾ ಬಂದರಿಗೆ ರೈಲು ಬಂದು ವ್ಯಾಪಾರ ಅತ್ತ ಸರಿಯಿತು. ಬಂದರುಗಳು ಸೊರಗಿದರೂ ಸುಂಕದ ಕಟ್ಟೆಗಳು ಉಳಿದವು.

ಉಪ್ಪಿನ ಮೇಲಿನ ಕಾವಲು ಬೇರೆಯದೇ ಬಗೆ. ಅದು ಹೊರಗಿನವರನ್ನು ತಡೆಯಲು ಇದ್ದದ್ದಲ್ಲ, ಕಡಲಂಚಿನ ಜನ ತಮ್ಮ ನೀರಿನಿಂದ ಉಪ್ಪು ಮಾಡಿಕೊಳ್ಳದಂತೆ ನೋಡಿಕೊಳ್ಳಲು ಇದ್ದದ್ದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಆ ಕಾನೂನನ್ನು ಮುರಿದರು. ಅದೇ ಹೋರಾಟ ಕರನಿರಾಕರಣೆಯಾಗಿ ಘಟ್ಟ ಹತ್ತಿದಾಗ ಸಿದ್ದಾಪುರದ ರೈತರು ಮನೆ, ತೋಟ ಕಳೆದುಕೊಂಡರು. ಕಾವಲು ಯಾರಿಗಾಗಿ ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಅಷ್ಟು ನೇರವಾಗಿ ಮತ್ತೆಂದೂ ಎದ್ದಿಲ್ಲ.

ಪಡೆ ಹುಟ್ಟಿದ್ದು

ಸ್ವಾತಂತ್ರ್ಯದ ನಂತರವೂ 1961ರವರೆಗೆ ಕಾರವಾರದ ಮಗ್ಗುಲಲ್ಲೇ ಪೋರ್ಚುಗೀಸರ ಗೋವೆ ಎಂಬ ಪರದೇಶವಿತ್ತು. ಕಾರವಾರದ ಎದುರಿನ ಅಂಜದೀವ್ ದ್ವೀಪವೂ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ‘ಮೈಸೂರು’ ಮತ್ತು ‘ತ್ರಿಶೂಲ್’ ಯುದ್ಧನೌಕೆಗಳ ಬೆಂಬಲದಲ್ಲಿ ನೌಕಾಪಡೆ ದ್ವೀಪವನ್ನು ಗೆದ್ದುಕೊಂಡಾಗ ಏಳು ನಾವಿಕರು ಸತ್ತರು.

ಗಡಿ ಹೋಯಿತು, ಕಳ್ಳಸಾಗಣೆ ಹೋಗಲಿಲ್ಲ. ಕೊಲ್ಲಿಯಿಂದ ಚಿನ್ನ, ಗಡಿಯಾರ, ಟ್ರಾನ್ಸಿಸ್ಟರ್ ಹೊತ್ತ ದೋಣಿಗಳು ಪಶ್ಚಿಮ ಕರಾವಳಿಯ ಯಾವ ಅಳಿವೆಗೂ ಬರಬಹುದಿತ್ತು. ಕಸ್ಟಮ್ಸ್‌ನವರ ಬಳಿ ಅವನ್ನು ಬೆನ್ನಟ್ಟುವ ದೋಣಿಗಳಿರಲಿಲ್ಲ. ಯುದ್ಧಕ್ಕೆಂದು ಕಟ್ಟಿದ ನೌಕಾಪಡೆಯ ಹಡಗನ್ನು ಗಡಿಯಾರ ಹಿಡಿಯಲು ಕಳಿಸುವುದು ದುಬಾರಿ ಕೆಲಸ. 1974ರಲ್ಲಿ ಮುಂಬಯಿಯ ಆಚೆಯ ಕಡಲಲ್ಲಿ ಎಣ್ಣೆ ಸಿಕ್ಕಿ, ಕಾಯಬೇಕಾದದ್ದು ಇನ್ನಷ್ಟು ಹೆಚ್ಚಿತು. ಅದೇ ವರ್ಷ, ಹಿಂದೆ ಗಡಿ ಭದ್ರತಾ ಪಡೆಯನ್ನು ಕಟ್ಟಿ ನಿಲ್ಲಿಸಿದ್ದ ಕೆ. ಎಫ್. ರುಸ್ತಮ್‌ಜಿಯವರ ನೇತೃತ್ವದಲ್ಲಿ ಸಮಿತಿ ನೇಮಕವಾಗಿ, ಮರುವರ್ಷ ಪ್ರತ್ಯೇಕ ಪಡೆ ಬೇಕೆಂದು ವರದಿ ಕೊಟ್ಟಿತು. 1976ರ ಸಾಗರ ವಲಯಗಳ ಕಾಯಿದೆ ದಡದಿಂದ 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿ.ಮೀ.ವರೆಗಿನ ಸಂಪತ್ತು ನಮ್ಮದೆಂದು ಸಾರಿತು. ಸಾರಿದ್ದನ್ನು ಕಾಯಲು ಯಾರಾದರೂ ಬೇಕಲ್ಲ! 1977ರ ಫೆಬ್ರವರಿ 1ರಂದು ತಾತ್ಕಾಲಿಕವಾಗಿ ಪಡೆ ಆರಂಭವಾಯಿತು. ನೌಕಾಪಡೆಯಿಂದ ಬಂದ ‘ಕಿರ್ಪಾಣ್’, ‘ಕುಠಾರ್’ ಎಂಬ ಎರಡು ಹಳೆಯ ಫ್ರಿಗೇಟುಗಳು, ಐದು ಗಸ್ತು ದೋಣಿಗಳು: ಅಷ್ಟೇ ಬಂಡವಾಳ. 1978ರ ಆಗಸ್ಟಿನಲ್ಲಿ ಪಡೆಯದೇ ಆದ ಕಾಯಿದೆ ಜಾರಿಯಾಗಿ, ಪ್ರಧಾನಿ ಮೊರಾರ್ಜಿ ದೇಸಾಯಿ ಪಡೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮೊದಲ ಮಹಾನಿರ್ದೇಶಕರು ವೈಸ್ ಅಡ್ಮಿರಲ್ ವಿ. ಎ. ಕಾಮತ್, ಧ್ಯೇಯವಾಕ್ಯ ‘ವಯಂ ರಕ್ಷಾಮಃ’.

ಯಾರ ನೀರು, ಯಾರ ಹೊಣೆ

ಪಡೆ ರಕ್ಷಣಾ ಮಂತ್ರಾಲಯದ ಅಧೀನದಲ್ಲಿದೆ. ದೆಹಲಿಯ ಕೇಂದ್ರ ಕಚೇರಿಯ ಕೆಳಗೆ ಪ್ರಾದೇಶಿಕ ಕಚೇರಿಗಳು. ನಮ್ಮದು ಮುಂಬಯಿಯ ಪಶ್ಚಿಮ ಪ್ರದೇಶ. ಅದರ ಕೆಳಗೆ ಕರ್ನಾಟಕದ ಜಿಲ್ಲಾ ಕಚೇರಿ ಪಣಂಬೂರಿನ ನವಮಂಗಳೂರು ಬಂದರಿನಲ್ಲಿದೆ, ಕಾರವಾರದಲ್ಲಿ ಒಂದು ಠಾಣೆಯಿದೆ. ಸುಮಾರು 320 ಕಿ.ಮೀ. ಕರಾವಳಿಯಲ್ಲಿ ದೊಡ್ಡ ಪಾಲು ಉತ್ತರ ಕನ್ನಡದ್ದಾದರೂ ದೊಡ್ಡ ಹಡಗು ನಿಲ್ಲುವುದು ದಕ್ಷಿಣದ ತುದಿಯಲ್ಲಿ. ಬಂದರಿನ ಆಳವೇ ಇದನ್ನು ನಿರ್ಧರಿಸಿದ್ದು ಎನ್ನಬೇಕು.

ಕಡಲಿನ ಮೇಲೆ ಗೆರೆ ಕಾಣಿಸುವುದಿಲ್ಲ, ಕಾನೂನಿನಲ್ಲಿ ಮಾತ್ರ ಹಲವು ಗೆರೆಗಳಿವೆ. 12 ನಾಟಿಕಲ್ ಮೈಲಿನೊಳಗೆ ಮೀನುಗಾರಿಕೆ ರಾಜ್ಯದ 1986ರ ಕಾಯಿದೆಗೆ ಒಳಪಟ್ಟಿದೆ, ಆಚೆಯದು ಕೇಂದ್ರದ್ದು. ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ, ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಬೆಳಕು ಹಾಯಿಸಿ ಮೀನು ಹಿಡಿಯುವ ತಕರಾರು ಇವೆಲ್ಲ ಈ ಗೆರೆಯ ಎರಡೂ ಬದಿಗೆ ಹರಡಿಕೊಂಡಿವೆ. 2008ರ ಮುಂಬಯಿ ದಾಳಿಯ ಬಳಿಕ ಒಟ್ಟು ಹೊಣೆ ನೌಕಾಪಡೆಗೆ ಬಂದು, ದಡದ ಹತ್ತಿರದ ಜಲಸೀಮೆಯ ಭದ್ರತೆ ಕೋಸ್ಟ್ ಗಾರ್ಡ್‌ನದಾಯಿತು. ಕರಾವಳಿ ಕಾವಲು ಪೊಲೀಸರ ಕೇಂದ್ರ ಮಲ್ಪೆ. ರಾಜ್ಯದ ಒಂಬತ್ತು ಠಾಣೆಗಳಲ್ಲಿ ಐದು ಈ ಜಿಲ್ಲೆಯವು: ಕಾರವಾರ, ಬೇಲೇಕೇರಿ, ಕುಮಟಾ, ಹೊನ್ನಾವರ, ಭಟ್ಕಳ.

ಇಷ್ಟು ಕಾವಲಿದ್ದೂ 2010ರಲ್ಲಿ ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಹೋಯಿತು. ಆ ಅದಿರು ಬಂದದ್ದು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದ ಲಾರಿಗಳಲ್ಲಿ. ಹೆದ್ದಾರಿ ಪಕ್ಕದ ಮನೆಗಳಿಗೆ ಕೆಂಪು ಧೂಳು ಮೆತ್ತಿದ್ದನ್ನು ಅಲ್ಲಿಯವರು ಮರೆತಿಲ್ಲ. ಬಂದರಿನ ಒಳಗಿನ ಹೊಣೆ ಬಂದರು ಇಲಾಖೆಯದು, ಕಸ್ಟಮ್ಸ್‌ನದು. ಕಾಗದ ಸರಿಯಿದೆ ಎಂದು ತೋರಿಸಿ ಹೊರಟ ಹಡಗನ್ನು ಗಸ್ತಿನವರು ತಡೆಯುವ ಮಾತೇ ಬರುವುದಿಲ್ಲ.

ನೌಕಾನೆಲೆಯದು ಪ್ರತ್ಯೇಕ ಅಧ್ಯಾಯ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆ 2005ರಲ್ಲಿ ‘ಐಎನ್‌ಎಸ್ ಕದಂಬ’ವಾಯಿತು. ಆ ಹೆಸರು ಕೊಟ್ಟ ಕದಂಬ ಅರಸರ ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ. ನೆಲೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಅವರಲ್ಲಿ ಮೀನುಗಾರರಿಗೆ ಹೋದದ್ದು ಮನೆಯಷ್ಟೇ ಅಲ್ಲ, ದೋಣಿ ಎಳೆದಿಡುವ ದಡವೂ ಹೋಯಿತು. ಕಾವಲಿನ ಹೊಸ ಕಟ್ಟಡದ ಮಾತು ಬಂದಾಗಲೆಲ್ಲ ಕಾರವಾರದ ಮೀನುಗಾರರು ಅನುಮಾನದಿಂದ ನೋಡುವುದಕ್ಕೆ ಈ ನೆನಪೇ ಸಾಕು.

ಹಡಗು, ವಿಮಾನ

ಏಳು ನೌಕೆಗಳಿಂದ ಶುರುವಾದ ಪಡೆಯಲ್ಲಿ ಇಂದು ಸಣ್ಣವು ದೊಡ್ಡವು ಸೇರಿ ಸುಮಾರು ನೂರೈವತ್ತು ನೌಕೆಗಳಿವೆ. ದಿನಗಟ್ಟಲೆ ಆಳಸಮುದ್ರದಲ್ಲಿ ಉಳಿಯುವ ಗಸ್ತು ಹಡಗುಗಳು, ದಡದ ಹತ್ತಿರ ಬೆನ್ನಟ್ಟುವ ವೇಗದ ದೋಣಿಗಳು, ನೀರು ಮರಳು ಎರಡರ ಮೇಲೂ ಓಡುವ ಹೋವರ್‌ಕ್ರಾಫ್ಟ್, ಎಣ್ಣೆ ಸೋರಿಕೆ ಬಳಿದು ತೆಗೆಯುವ ‘ಸಮುದ್ರ ಪ್ರಹರಿ’ಯಂಥ ಹಡಗುಗಳು ಅದರಲ್ಲಿ ಸೇರಿವೆ. 2019ರಲ್ಲಿ ಸೇವೆಗೆ ಸೇರಿದ 98 ಮೀಟರ್ ಉದ್ದದ ‘ವರಾಹ’ಕ್ಕೆ ನವಮಂಗಳೂರನ್ನೇ ನೆಲೆಯಾಗಿ ಗೊತ್ತುಮಾಡಲಾಯಿತು, ಅದರ ಅಟ್ಟದ ಮೇಲೆ ಹೆಲಿಕಾಪ್ಟರ್ ಇಳಿಯಬಹುದು. ಆಕಾಶದಿಂದ ಹುಡುಕುವುದು ಡಾರ್ನಿಯರ್ ವಿಮಾನಗಳ ಕೆಲಸ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ್ ಹೆಲಿಕಾಪ್ಟರುಗಳು 2021ರಿಂದ ಹೊಸ ರೂಪದಲ್ಲಿ ಬಂದವು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಒಂದು ಬಿದ್ದು ಮೂವರು ಸತ್ತ ಮೇಲೆ ತಿಂಗಳುಗಟ್ಟಲೆ ಅವುಗಳ ಹಾರಾಟ ನಿಂತಿತ್ತು.

ದಿನದ ಕೆಲಸ

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಕಳ್ಳಸಾಗಣೆ, ಭಯೋತ್ಪಾದನೆ. ಮೀನುಗಾರರಿಗೆ ಕೋಸ್ಟ್ ಗಾರ್ಡ್ ಗೊತ್ತಿರುವುದು ಹೆಚ್ಚಾಗಿ ಎಂಜಿನ್ ಕೆಟ್ಟಾಗ, ಬೋಟಿಗೆ ನೀರು ನುಗ್ಗಿದಾಗ, ಯಾರಿಗಾದರೂ ಎದೆನೋವು ಬಂದಾಗ. 1554ಕ್ಕೆ ಕರೆ ಹೋದರೆ ಕೋಸ್ಟ್ ಗಾರ್ಡ್, 1093ಕ್ಕೆ ಹೋದರೆ ಕಾವಲು ಪೊಲೀಸ್. ಮೊಬೈಲ್ ಸಿಗದ ದೂರದಿಂದ ಉಪಗ್ರಹದ ಮೂಲಕ ಅಪಾಯದ ಸೂಚನೆ ಕಳಿಸುವ ಉಪಕರಣವನ್ನು ಇಸ್ರೋ ರೂಪಿಸಿಕೊಟ್ಟಿದೆ.

2006ರ ಮೇ 30ರಂದು ಕಾರವಾರದ ಬಳಿ ಬಂಡೆಗೆ ಸಿಕ್ಕ ‘ಓಶನ್ ಸೆರಾಯಾ’ ಹಡಗಿನಿಂದ ಎಣ್ಣೆ ಸೋರಿ ಗೋವೆಯ ದಡದವರೆಗೂ ಹರಡಿತು. ಮುಂಗಾರಿನ ಅಬ್ಬರದಲ್ಲಿ ಎಣ್ಣೆ ತಡೆಯುವುದು ಎಷ್ಟು ಕಷ್ಟವೆಂದು ಕರ್ನಾಟಕ ಕಂಡದ್ದು ಆಗ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಮೀನುಗಾರಿಕೆ ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಕೋಸ್ಟ್ ಗಾರ್ಡ್, ನೌಕಾಪಡೆ ತಿಂಗಳುಗಟ್ಟಲೆ ಹುಡುಕಿದವು. ಮರುವರ್ಷ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಅದರ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ಆ ಹುಡುಕಾಟ ನಡೆದಿರುವಾಗಲೇ, 2019ರ ಜನವರಿ 21ರಂದು, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಕಾರವಾರದಿಂದ ಕಣ್ಣಳತೆಯ ದೂರ ಅದು, ನೌಕಾನೆಲೆಯೂ ಹತ್ತಿರ. ದೋಣಿಗೆ ಎಷ್ಟು ಜನ ಹತ್ತಬೇಕು, ಲೈಫ್ ಜಾಕೆಟ್ ಉಂಟೋ ಎಂದು ದಡದಲ್ಲಿ ನೋಡುವವರಿಲ್ಲದಿದ್ದರೆ ಹಡಗುಗಳ ಸಾಲಿದ್ದೂ ಉಪಯೋಗವಿಲ್ಲ.

ಜೀವ ಉಳಿಸಿದ ಲೆಕ್ಕವೂ ಇದೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಬಿದ್ದ ‘ಕೋರಮಂಡಲ್ ಸಪೋರ್ಟರ್’ ಟಗ್ಗಿನಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಹೊರತಂದವು. 2022ರ ಜೂನಿನಲ್ಲಿ ಉಳ್ಳಾಲದ ಎದುರು ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗುವಾಗ ಸಿರಿಯಾ ದೇಶದ 15 ನಾವಿಕರನ್ನೂ ‘ವಿಕ್ರಮ್’, ‘ಅಮರ್ತ್ಯ’ ನೌಕೆಗಳು ಉಳಿಸಿದವು.

ಕಡಲಿನ ಪಡೆಗಳನ್ನು ನದಿಗೆ ಕರೆಸಿದ ಸಂದರ್ಭವೂ ಬಂತು. ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಕೆಳಗೆ ಗಂಗಾವಳಿ ಎನಿಸಿಕೊಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ವಾಹನಗಳನ್ನೂ ಅದೇ ಹೊಳೆಗೆ ತಳ್ಳಿತು. ಘಟ್ಟದ ಮಳೆಗೆ ಉಕ್ಕಿದ ಕೆಸರುನೀರಿನ ಸೆಳವಿನಲ್ಲಿ ನೌಕಾಪಡೆಯ ಮುಳುಗುಗಾರರಿಗೆ ತಳ ಮುಟ್ಟಲಾಗಲಿಲ್ಲ. ಆ ವಾಹನಗಳಲ್ಲಿ ಮುಳುಗಿದ್ದ ಲಾರಿಯೊಂದು ಮೇಲೆ ಬಂದದ್ದು ಮಳೆ ಇಳಿದು, ಗೋವೆಯಿಂದ ಹೂಳೆತ್ತುವ ಯಂತ್ರ ತರಿಸಿದ ಮೇಲೆ, ಸೆಪ್ಟೆಂಬರ್ 25ರಂದು.