ಠಾಣೆಯ ಮೇಲೊಂದು ಸಂಸಾರ

ಮುಂಬೈಯ ಬೈಕಲಾದ ಅಗ್ನಿಶಾಮಕ ಠಾಣೆಯಲ್ಲಿ ಕೆಂಪು ಬಂಡಿಗಳಿರುವ ಆವರಣದಲ್ಲೇ ಸಿಬ್ಬಂದಿಯ ಮನೆಗಳೂ ಇವೆ. ಗಂಟೆ ಹೊಡೆದರೆ ಅದು ಕೆಲಸಕ್ಕೆ ಹೋಗುವವನ ಕಿವಿಗೆ ಮಾತ್ರವಲ್ಲ, ಮನೆಯಲ್ಲಿ ಉಳಿಯುವವರ ಕಿವಿಗೂ ಬೀಳುತ್ತದೆ. ಇಂಥ ಬದುಕಿನ ಹಳೆಯ ಮಾದರಿಯೊಂದನ್ನು ಹುಡುಕಿದರೆ ಜೇಮ್ಸ್ ಬ್ರೈಡ್‌ವುಡ್ ಸಿಗುತ್ತಾನೆ.

ಹುಟ್ಟಿದ್ದು 1800ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆಯದು ಮರಗೆಲಸ, ಕಟ್ಟಡದ ಕಸುಬು. ಮಗನೂ ಅದನ್ನೇ ಕಲಿತ. ಗೋಡೆ ಹೇಗೆ ನಿಲ್ಲುತ್ತದೆ, ತೊಲೆ ಹೇಗೆ ಕುಸಿಯುತ್ತದೆ ಎಂಬ ಈ ತಿಳಿವೇ ಮುಂದೆ ಅವನ ಬಂಡವಾಳವಾಯಿತು. 1824ರಲ್ಲಿ ನಗರವು ತನ್ನದೇ ಅಗ್ನಿಶಾಮಕ ದಳ ಕಟ್ಟಿ, 24 ವರ್ಷದ ಈ ಯುವಕನನ್ನು ಮುಖ್ಯಸ್ಥನನ್ನಾಗಿ ಮಾಡಿತು. ತರಬೇತಿ ಮುಗಿಯುವ ಮುಂಚೆಯೇ, ಅದೇ ನವೆಂಬರಿನಲ್ಲಿ, ಹಳೆಯ ಪಟ್ಟಣಕ್ಕೆ ದಿನಗಟ್ಟಲೆ ಬೆಂಕಿ. ನೂರಾರು ಕುಟುಂಬಗಳು ಬೀದಿಗೆ ಬಿದ್ದವು.

ಆ ಅನುಭವದಿಂದ ಅವನು ಪಾಠ ಕಲಿತ. ಹೆಂಚು ಹೊದಿಸುವವರು, ಬಡಗಿಗಳು, ಕಲ್ಲುಕುಟಿಗರಂಥ ಕಸುಬುದಾರರನ್ನು ಆರಿಸಿ ಪಳಗಿಸಿದ. ಹೊರಗೆ ನಿಂತು ಹೊಗೆಗೆ ನೀರು ಎರಚಿದರೆ ಸಾಲದು, ಒಳಹೊಕ್ಕು ಬೆಂಕಿಯ ಬುಡಕ್ಕೇ ಹೊಡೆಯಬೇಕು; ಹೊಗೆಯಲ್ಲಿ ನೆಲಕ್ಕೆ ಮುಖವಿಟ್ಟು ತೆವಳಬೇಕು, ಅಲ್ಲಿ ಉಸಿರಾಡಲು ಗಾಳಿ ಇರುತ್ತದೆ; ಯಾರೂ ಒಬ್ಬರೇ ಒಳಗೆ ಹೋಗಬಾರದು. ಇವು ಅವನ ನಿಯಮಗಳು. 1830ರಲ್ಲಿ ಇವನ್ನೆಲ್ಲ ಪುಸ್ತಕವಾಗಿಯೂ ಬರೆದ.

1833ರಲ್ಲಿ ಲಂಡನ್ನಿನ ವಿಮಾ ಕಂಪನಿಗಳು ಒಟ್ಟಾಗಿ ಒಂದು ದಳ ಕಟ್ಟಿ ಅವನನ್ನು ಕರೆಸಿಕೊಂಡವು. ಕಂಪನಿಗಳಿಗೆ ಬೇಕಿದ್ದದ್ದು ಆಸ್ತಿಯ ರಕ್ಷಣೆ. ಜನರನ್ನು ಇಳಿಸುವ ಏಣಿಗಳನ್ನು ಬೇರೆಯೇ ಒಂದು ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಇಲ್ಲಿ ಬ್ರೈಡ್‌ವುಡ್ ನಾವಿಕರನ್ನು ಹೆಚ್ಚಾಗಿ ಸೇರಿಸಿಕೊಂಡ: ರಾತ್ರಿಪಾಳಿ, ಶಿಸ್ತು, ಎತ್ತರ ಯಾವುದೂ ಅವರಿಗೆ ಹೊಸದಲ್ಲ. ದಳದವರ ವಾಸ ಠಾಣೆಯಲ್ಲೇ. ಅವನ ಸಂಸಾರವೂ ವಾಟ್ಲಿಂಗ್ ಬೀದಿಯ ಮುಖ್ಯ ಠಾಣೆಯಲ್ಲೇ.

1838ರಲ್ಲಿ ಅವನು ಮೇರಿ ಆ್ಯನ್ ಎಂಬಾಕೆಯನ್ನು ಮದುವೆಯಾದ. ಆಕೆಯ ಮೊದಲ ಮದುವೆಯ ಮಗನೊಬ್ಬ, ಮಲತಂದೆಯ ಹಾದಿ ಹಿಡಿದು ದಳ ಸೇರಿದ. 1850ರ ದಶಕದಲ್ಲಿ ಬೆಂಕಿಯೊಂದರಲ್ಲೇ ತೀರಿಕೊಂಡ. ಮಗನನ್ನು ಮಣ್ಣು ಮಾಡಿ ಬಂದ ಆ ಮನೆಯಲ್ಲಿ ಗಂಟೆ ಮಾತ್ರ ಹಿಂದಿನಂತೆಯೇ ಹೊಡೆಯುತ್ತಿತ್ತು. ಬ್ರೈಡ್‌ವುಡ್ ಹಿಂದಿನಂತೆಯೇ ಹೊರಡುತ್ತಿದ್ದ.

1861ರ ಜೂನ್ 22, ಶನಿವಾರ. ಥೇಮ್ಸ್ ದಂಡೆಯ ಟೂಲಿ ಬೀದಿಯ ಗೋದಾಮುಗಳಿಗೆ ಬೆಂಕಿ. ಸೆಣಬು, ಹತ್ತಿ, ಸಕ್ಕರೆ, ಕೊಬ್ಬು, ಮಸಾಲೆ ಎಲ್ಲವೂ ಅಲ್ಲಿತ್ತು. ಬೆಂಕಿ ಹರಡದಂತೆ ತಡೆಯಬೇಕಿದ್ದ ಕಬ್ಬಿಣದ ಬಾಗಿಲುಗಳು ತೆರೆದೇ ಇದ್ದವು. ನದಿಯಲ್ಲಿ ಇಳಿತದ ಹೊತ್ತು, ನೀರಿಗೂ ಪರದಾಟ. ದಣಿದಿದ್ದ ತನ್ನವರಿಗೆ ಬ್ರಾಂದಿ ಹಂಚುತ್ತ ಸಾಗಿದ್ದ ಬ್ರೈಡ್‌ವುಡ್ ಮೇಲೆ ಗೋಡೆ ಕುಸಿಯಿತು. ಗೋಡೆಗಳ ಸ್ವಭಾವ ಬಲ್ಲವನನ್ನು ಗೋಡೆಯೇ ತೆಗೆದುಕೊಂಡಿತು. ಎರಡು ದಿನಗಳ ನಂತರ ದೇಹ ಸಿಕ್ಕಿತು. ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು.

ಜೂನ್ 29ರಂದು ಅಂಗಡಿಗಳು ಮುಚ್ಚಿದವು. ಮೆರವಣಿಗೆ ಮೈಲಿಗೂ ಉದ್ದವಿತ್ತು. ಆಬ್ನಿ ಪಾರ್ಕ್ ಸ್ಮಶಾನದಲ್ಲಿ ಆ ಮಲಮಗನ ಪಕ್ಕದಲ್ಲೇ ಅವನನ್ನು ಮಲಗಿಸಿದರು.

ನಷ್ಟದಿಂದ ಕಂಗೆಟ್ಟ ಕಂಪನಿಗಳು ಈ ಹೊಣೆ ನಮಗೆ ಬೇಡವೆಂದವು. 1865ರ ಕಾಯ್ದೆಯಿಂದ ಲಂಡನ್ನಿಗೆ ಸಾರ್ವಜನಿಕ ದಳ ಬಂತು. ನಮ್ಮಲ್ಲಿ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದು 1944ರ ಮುಂಬೈ ಹಡಗುಕಟ್ಟೆಯ ಸ್ಫೋಟದಲ್ಲಿ ಮಡಿದ 66 ಮಂದಿಯ ನೆನಪಿಗೆ. ಅವರ ಹೆಸರುಗಳು ಕಲ್ಲಿನ ಮೇಲಿವೆ. ಆ ಗಂಟೆಯ ದನಿ ಕೇಳಿ ಮನೆಯಲ್ಲೇ ಕಾದು ಕುಳಿತವರಿಗೆ ಮಾತ್ರ ಎಲ್ಲೂ ಕಲ್ಲಿಲ್ಲ.